ಸಂಶೋಧಕರಿಗೆ ಅಚ್ಚರಿ ಆಯಿತಾ?

ನನ್ನದು ಆಕ್ಯುಪೇಷನಲ್ ಥೆರಪಿ, ಅಂದರೆ ಕಾಯಿಲೆ, ಪೆಟ್ಟು, ಅಂಗವೈಕಲ್ಯ ಇರುವವರಿಗೆ ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ವೃತ್ತಿ. ಈ ಕ್ಷೇತ್ರದ ಯಾವುದೇ ಗುಣಾತ್ಮಕ ಸಂಶೋಧನೆಯ, ಅಂದರೆ ಅಂಕಿಗಳ ಬದಲು ಜನರ ಮಾತು ಮತ್ತು ಅನುಭವವನ್ನು ಆಧರಿಸಿದ ಸಂಶೋಧನೆಯ, ಪೇಪರ್ ಕೈಗೆ ಬರಲಿ, ನಾನು ಮೊದಲು ಹುಡುಕುವುದು ಒಂದನ್ನೇ. ಈ ಅಧ್ಯಯನ ಮಾಡಿದವರಿಗೆ ಎಲ್ಲಾದರೂ ಅಚ್ಚರಿ ಆಯಿತಾ? ಜನರ ಜೊತೆ ಕೂತು ಮಾತಾಡಿ, ಆ ಮಾತನ್ನೆಲ್ಲ ಪುಟಗಟ್ಟಲೆ ಬರೆದುಕೊಂಡು, ತಿಂಗಳುಗಟ್ಟಲೆ ಓದಿದ ಮೇಲೆ, ಮೊದಲು ಅಂದುಕೊಂಡಿದ್ದಕ್ಕಿಂತ ಬೇರೆಯಾದದ್ದು ಏನಾದರೂ ಕಂಡಿತಾ? ಕಂಡಿಲ್ಲ ಎಂದಾದರೆ, ಅಂಥದ್ದು ಕಾಣಲು ಆ ಅಧ್ಯಯನದಲ್ಲಿ ಜಾಗವಾದರೂ ಇತ್ತಾ?

ಎಷ್ಟು ಜನರನ್ನು ಮಾತಾಡಿಸಿದರು, ಯಾವ ವಿಧಾನ ಬಳಸಿದರು, ಎಷ್ಟು ಜನ ಸೇರಿ ಕೋಡಿಂಗ್ (ಮಾತಿನ ತುಣುಕುಗಳಿಗೆ ಅರ್ಥ ಸೂಚಿಸುವ ಹೆಸರು ಹಚ್ಚುವುದು) ಮಾಡಿದರು, ಇವನ್ನೆಲ್ಲ ಆಮೇಲೆ ನೋಡುತ್ತೇನೆ. ಇವೂ ಬೇಕಾದ ವಿಷಯಗಳೇ. ಆದರೆ ಇವೆಲ್ಲ ಯಾಕೆ ಬೇಕು ಎಂದು ಕೇಳಿಕೊಂಡಾಗ ನನಗೆ ಸಿಗುವ ಉತ್ತರ ಒಂದೇ: ಸಂಶೋಧಕರ ಊಹೆ ತಪ್ಪಾಗಿದ್ದರೆ, ಅದು ತಪ್ಪು ಎಂದು ತೋರಿಸುವ ಅವಕಾಶ ಎದುರಿಗೆ ಕೂತ ವ್ಯಕ್ತಿಗೆ ಸಿಗಬೇಕು. ವಿಧಾನದ ಕಟ್ಟುಪಾಡೆಲ್ಲ ಇರುವುದು ಅದಕ್ಕೇ.

ನಮ್ಮ ವೃತ್ತಿಗೆ ಈ ಬಗೆಯ ಸಂಶೋಧನೆ ಯಾಕೆ ಬೇಕು ಎನ್ನುವುದರಿಂದಲೇ ಶುರು ಮಾಡೋಣ. ಪಾರ್ಶ್ವವಾಯು ಆದ ಒಬ್ಬರು ಪುನರ್ವಸತಿ ವಾರ್ಡ್‌ನಲ್ಲಿ ಒಂದೇ ಕೈಯಿಂದ ಅಂಗಿ ಹಾಕಿಕೊಳ್ಳುವುದನ್ನು ಕಲಿತರು ಎಂದುಕೊಳ್ಳಿ. ದಿನನಿತ್ಯದ ಕೆಲಸಗಳಲ್ಲಿ ಒಬ್ಬರಿಗೆ ಎಷ್ಟು ನೆರವು ಬೇಕು ಎಂದು ಅಳೆಯುವ ಎಫ್‌ಐಎಂ ಎಂಬ ಅಳತೆಪಟ್ಟಿ ಇದೆ. ಅದರಲ್ಲಿ 18 ಅಂಶಗಳು, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಬಟ್ಟೆ ಹಾಕಿಕೊಳ್ಳುವುದರಲ್ಲಿ ಇವರಿಗೆ ಒಳ್ಳೆಯ ಅಂಕ ಬಂತು, ಮನೆಗೆ ಹೋದರು. ಕೆಲವು ತಿಂಗಳ ನಂತರ ನೋಡಿದರೆ ಹೆಂಡತಿಯೇ ಅಂಗಿ ಹಾಕುತ್ತಿದ್ದಾರೆ. ಅಂಕ ಕೆಳಗಿಳಿಯುತ್ತದೆ. ಫೈಲ್‌ನಲ್ಲಿ ಹಿನ್ನಡೆ ಎಂದು ದಾಖಲಾಗುತ್ತದೆ. ಅವರನ್ನೇ ಕೇಳಿದರೆ ಹೇಳುವುದು ಬೇರೆ: ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಬೆಳಗಿನ ಶಕ್ತಿಯೆಲ್ಲ ಮುಗಿದುಹೋಗುತ್ತದೆ, ಆ ಶಕ್ತಿ ಮೊಮ್ಮಗಳ ಜೊತೆ ಕೂತು ಓದಲು ಬೇಕು. ಅವರು ಸೋತಿಲ್ಲ, ಆಯ್ಕೆ ಮಾಡಿಕೊಂಡಿದ್ದಾರೆ. ಸಂಖ್ಯೆ ಇದನ್ನು ಹೇಳುವುದಿಲ್ಲ. ಹೇಳಬೇಕೆಂದು ನಾವು ಅದರಿಂದ ಬಯಸುವುದೂ ಸರಿಯಲ್ಲ. ಅದಕ್ಕೆ ಬೇರೆ ಬಗೆಯ ಸಂಶೋಧನೆಯೇ ಬೇಕು.

ಈ ಉದಾಹರಣೆಯಲ್ಲಿ ಥೆರಪಿಸ್ಟ್‌ನ ನಂಬಿಕೆಯೊಂದು ಅಲುಗಾಡುತ್ತದೆ, ಅದನ್ನು ಗಮನಿಸಿ. ಸ್ವಾವಲಂಬನೆ ಎಲ್ಲರಿಗೂ ಎಲ್ಲ ಕೆಲಸದಲ್ಲೂ ಬೇಕು ಎಂದು ನಮಗೆ ಕಲಿಸಿರುತ್ತಾರೆ. ಆ ಮನುಷ್ಯ ಅದನ್ನು ಒಪ್ಪುವುದಿಲ್ಲ. ಒಳ್ಳೆಯ ಗುಣಾತ್ಮಕ ಅಧ್ಯಯನದಲ್ಲಿ ಅವರ ಈ ಮಾತು ಉಳಿಯುತ್ತದೆ. ಕಳಪೆ ಅಧ್ಯಯನದಲ್ಲಿ ಅದು 'ಪ್ರೇರಣೆಯ ಕೊರತೆ' ಎಂಬ ಥೀಮ್‌ನ (ಹಲವರ ಮಾತುಗಳನ್ನು ಒಂದುಗೂಡಿಸಿ ಹೆಸರಿಟ್ಟ ಅರ್ಥದ) ಕೆಳಗೆ ಹೋಗಿ ಸೇರುತ್ತದೆ. ಮಾತು ಅದೇ, ಅದಕ್ಕೆ ಹಚ್ಚಿದ ಹೆಸರು ಮಾತ್ರ ಬೇರೆ. ಎರಡೂ ಪೇಪರ್‌ಗಳ ವಿಧಾನದ ಭಾಗ ಒಂದೇ ಥರ ಇರಬಹುದು.

ಈ ಕ್ಷೇತ್ರಕ್ಕೆ ಹಳೆಯ, ಒಳ್ಳೆಯ ಮಾದರಿಯೂ ಇದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಆಕ್ಯುಪೇಷನಲ್ ಥೆರಪಿ ಸಂಘ ಮತ್ತು ಅದರ ಪ್ರತಿಷ್ಠಾನ ಸೇರಿ, ಥೆರಪಿಸ್ಟ್‌ಗಳು ಕೆಲಸ ಮಾಡುವಾಗ ಹೇಗೆ ಯೋಚಿಸುತ್ತಾರೆ ಎಂಬ ಅಧ್ಯಯನಕ್ಕೆ ಬೆಂಬಲ ಕೊಟ್ಟವು. ಮಾನವಶಾಸ್ತ್ರಜ್ಞೆ ಶೆರಿಲ್ ಮ್ಯಾಟಿಂಗ್ಲಿ ಅದರಲ್ಲಿ ಮುಖ್ಯರು. ಸುಮ್ನೆ ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡು ಹೋಗುವ ಕೆಲಸ ಅದಾಗಿರಲಿಲ್ಲ. ಥೆರಪಿಸ್ಟ್‌ಗಳು ಕೆಲಸ ಮಾಡುವುದನ್ನು ನೋಡಿದರು, ವಿಡಿಯೊ ಮಾಡಿದರು, ಆ ವಿಡಿಯೊವನ್ನು ಅವರ ಜೊತೆಗೇ ಕೂತು ನೋಡಿ ಮಾತಾಡಿದರು. ಕಂಡದ್ದೇನು? ಫೈಲ್‌ನಲ್ಲಿ ಬರೆಯುವಾಗ ಥೆರಪಿಸ್ಟ್‌ಗಳದ್ದು ಒಂದು ಭಾಷೆ: ಸ್ನಾಯು, ಕೀಲು, ಗುರಿ, ಪ್ರಗತಿ. ಸಹೋದ್ಯೋಗಿಗಳ ಜೊತೆ ಅದೇ ರೋಗಿಯ ಬಗ್ಗೆ ಮಾತಾಡುವಾಗ ಬರುವುದು ಕಥೆ: ಈ ಮನುಷ್ಯ ಯಾರು, ಏನನ್ನು ಕಳೆದುಕೊಂಡ, ಇನ್ನು ಯಾವ ಕಡೆ ಹೋಗಬಹುದು. ಚಿಕಿತ್ಸೆಯ ದೊಡ್ಡ ಪಾಲು ಈ ಕಥೆಯ ಒಳಗೇ ನಡೆಯುತ್ತಿತ್ತು, ಆದರೆ ದಾಖಲೆಗೆ ಬರುತ್ತಿರಲಿಲ್ಲ. ಮ್ಯಾಟಿಂಗ್ಲಿ ಮತ್ತು ಮೌರೀನ್ ಫ್ಲೆಮಿಂಗ್ ಇದನ್ನು 1994ರಲ್ಲಿ ಪುಸ್ತಕವಾಗಿ ತಂದರು. 'ನೀವು ಹೇಗೆ ಯೋಚಿಸುತ್ತೀರಿ' ಎಂದು ಒಂದು ಗಂಟೆಯ ಸಂದರ್ಶನದಲ್ಲಿ ಕೇಳಿ ಬಿಟ್ಟಿದ್ದರೆ, ಪಠ್ಯಪುಸ್ತಕದಲ್ಲಿರುವ ಉತ್ತರವೇ ಜಾಸ್ತಿ ಸಿಗುತ್ತಿತ್ತು ಎಂದು ನನಗೆ ಅನಿಸುತ್ತದೆ. ನೋಡುವುದು ಮತ್ತು ಕೇಳುವುದು ಎರಡೂ ಇದ್ದಿದ್ದರಿಂದಲೇ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಕಂಡಿತು.

ಈಗ ಅಳೆಯುವ ಪ್ರಶ್ನೆಗೆ ಬರೋಣ. ಇಂಥ ಸಂಶೋಧನೆಯನ್ನು ನಂಬುವುದು ಹೇಗೆ? ಯಿವೊನ್ನಾ ಲಿಂಕನ್ ಮತ್ತು ಇಗಾನ್ ಗೂಬಾ 1985ರಲ್ಲಿ ಕೊಟ್ಟ ನಾಲ್ಕು ಮಾನದಂಡಗಳು ಈಗಲೂ ಎಲ್ಲ ಕಡೆ ಕಾಣುತ್ತವೆ. ಹೇಳಿದ್ದು ಜನರ ಅನುಭವಕ್ಕೆ ನಿಜವಾಗಿದೆಯಾ? ಬೇರೆ ಕಡೆ ಇದು ಹೊಂದುತ್ತದಾ ಎಂದು ನಿರ್ಧರಿಸಲು ಓದುಗರಿಗೆ ಸಾಕಷ್ಟು ವಿವರ ಕೊಟ್ಟಿದ್ದಾರಾ? ಕೆಲಸ ಹೇಗೆ ನಡೆಯಿತು, ನಡುವೆ ಏನು ಬದಲಾಯಿತು ಎಂಬುದರ ಜಾಡು ಸಿಗುತ್ತದಾ? ತೀರ್ಮಾನ ಬಂದದ್ದು ಮಾಹಿತಿಯಿಂದಲೋ, ಸಂಶೋಧಕರ ಇಷ್ಟದಿಂದಲೋ? ನಮ್ಮ ವೃತ್ತಿಗೆ ಇದನ್ನು ತಂದುಕೊಟ್ಟವರು ಲಾರಾ ಕ್ರೆಫ್ಟಿಂಗ್. 1991ರಲ್ಲಿ ಅಮೆರಿಕನ್ ಜರ್ನಲ್ ಆಫ್ ಆಕ್ಯುಪೇಷನಲ್ ಥೆರಪಿಯಲ್ಲಿ ಗೂಬಾ ಅವರ ಮಾದರಿಯನ್ನು ಇಟ್ಟುಕೊಂಡು ಅವರು ಬರೆದ ಲೇಖನವನ್ನು ನಮ್ಮ ಕ್ಷೇತ್ರದ ಹೊರಗಿನವರೂ ಇವತ್ತಿಗೂ ಉಲ್ಲೇಖಿಸುತ್ತಾರೆ.

ಕ್ರೆಫ್ಟಿಂಗ್ ಅವರ ಲೇಖನದಲ್ಲಿ ನನಗೆ ಇಷ್ಟವಾಗುವ ಒಂದು ಸಣ್ಣ ಸಲಹೆ ಇದೆ. ಮಾಹಿತಿಯ ಒಂದು ಭಾಗವನ್ನು ಕೋಡ್ ಮಾಡಿ, ಎರಡು ವಾರವಾದರೂ ಬಿಟ್ಟು, ಅದೇ ಭಾಗವನ್ನು ಮತ್ತೆ ಕೋಡ್ ಮಾಡಿ, ಎರಡನ್ನೂ ಹೋಲಿಸಿ ನೋಡಿ. ಖರ್ಚಿಲ್ಲ, ಬೇರೆಯವರ ಸಹಾಯವೂ ಬೇಡ. ನಿಮ್ಮ ಕಣ್ಣು ನಿಮಗೇ ಮೋಸ ಮಾಡುತ್ತಿದೆಯಾ ಎಂದು ತಿಳಿಯುತ್ತದೆ. ಇದನ್ನು ಮಾಡಿ, ಆಮೇಲೆ ಏನು ಬದಲಾಯಿತು ಎಂದು ಬರೆಯುವ ಪೇಪರ್ ಸಿಕ್ಕರೆ ನನಗೆ ಖುಷಿ. 'ಮಾಡಿದೆವು' ಎಂದಷ್ಟೇ ಬರೆಯುವವರೇ ಜಾಸ್ತಿ.

ಇಂಥ ಪೇಪರ್‌ಗಳನ್ನು ಪರಿಶೀಲಿಸಲು ಇರುವ ಚೆಕ್‌ಲಿಸ್ಟ್‌ಗಳ ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ. ಸಿಎಎಸ್‌ಪಿ ಚೆಕ್‌ಲಿಸ್ಟ್‌ನಲ್ಲಿ 10 ಪ್ರಶ್ನೆಗಳು. 2007ರಲ್ಲಿ ಬಂದ ಕೋರೆಕ್ ಪಟ್ಟಿಯಲ್ಲಿ 32 ಅಂಶಗಳು, ಅದು ಸಂದರ್ಶನ ಮತ್ತು ಫೋಕಸ್ ಗ್ರೂಪ್‌ಗಳಿಗೆ (ಗುಂಪು ಚರ್ಚೆಗಳಿಗೆ). 2014ರ ಎಸ್‌ಆರ್‌ಕ್ಯುಆರ್‌ನಲ್ಲಿ 21. ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಆಕ್ಯುಪೇಷನಲ್ ಥೆರಪಿ ಗುಂಪು ತಯಾರಿಸಿದ ವಿಮರ್ಶೆಯ ಫಾರ್ಮ್ ನಮ್ಮ ವಿದ್ಯಾರ್ಥಿಗಳಿಗೆ ತುಂಬ ಪರಿಚಿತ. ಹೊಸಬರಿಗೆ ಇವುಗಳಿಂದ ಉಪಯೋಗವಿದೆ. ಏನನ್ನು ಹುಡುಕಬೇಕು ಎಂಬುದೇ ಗೊತ್ತಿಲ್ಲದಾಗ ಒಂದು ಪಟ್ಟಿ ಕೈಯಲ್ಲಿದ್ದರೆ ಧೈರ್ಯ ಬರುತ್ತದೆ. ಆದರೆ ಇವುಗಳಲ್ಲಿ ಎರಡು ಜಾತಿ ಇದೆ. ಕೋರೆಕ್ ಮತ್ತು ಎಸ್‌ಆರ್‌ಕ್ಯುಆರ್ ಇರುವುದು ವರದಿ ಪೂರ್ತಿಯಾಗಿದೆಯಾ ಎಂದು ನೋಡಲು. ಸಿಎಎಸ್‌ಪಿ ಮತ್ತು ಮೆಕ್‌ಮಾಸ್ಟರ್ ಫಾರ್ಮ್ ಇರುವುದು ಅಧ್ಯಯನವನ್ನೇ ವಿಮರ್ಶಿಸಲು. 32 ಅಂಶಗಳನ್ನೂ ಬರೆದಿದ್ದಾರೆ, ಹಾಗಾಗಿ ಇದು ಒಳ್ಳೆಯ ಸಂಶೋಧನೆ ಎಂದು ಹೇಳುವವರನ್ನು ಕಂಡಿದ್ದೇನೆ. ಅದು ಅಡುಗೆ ಪುಸ್ತಕದಲ್ಲಿ ಸಾಮಗ್ರಿಯ ಪಟ್ಟಿ ಪೂರ್ತಿ ಇದೆ, ಹಾಗಾಗಿ ಊಟ ರುಚಿಯಾಗಿದೆ ಎಂದ ಹಾಗೆ.

ರೋಸಲಿನ್ ಬಾರ್ಬರ್ 2001ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಬಗ್ಗೆ ಎಚ್ಚರಿಸಿದ್ದರು. ಉದ್ದೇಶಪೂರ್ವಕ ಸ್ಯಾಂಪಲಿಂಗ್ (ಪ್ರಶ್ನೆಗೆ ತಕ್ಕವರನ್ನು ಬೇಕೆಂದೇ ಆರಿಸುವುದು), ಗ್ರೌಂಡೆಡ್ ಥಿಯರಿ (ಮಾಹಿತಿಯಿಂದಲೇ ಸಿದ್ಧಾಂತ ಕಟ್ಟುವ ವಿಧಾನ), ಇಬ್ಬರಿಂದ ಕೋಡಿಂಗ್, ಟ್ರಯಾಂಗ್ಯುಲೇಷನ್ (ಒಂದೇ ವಿಷಯವನ್ನು ಹಲವು ಮೂಲಗಳಿಂದ ನೋಡುವುದು), ಪಾಲ್ಗೊಂಡವರಿಗೇ ತೋರಿಸಿ ಒಪ್ಪಿಗೆ ಪಡೆಯುವುದು: ಇವೆಲ್ಲ ಯಾಕೆ ಎಂದು ತಿಳಿಯದೆ ತಾಂತ್ರಿಕ ತೇಪೆಗಳ ಹಾಗೆ ಹಚ್ಚಿದರೆ ಸಂಶೋಧನೆ ಗಟ್ಟಿಯಾಗುವುದಿಲ್ಲ ಎನ್ನುವುದು ಅವರ ವಾದ. 2007ರಲ್ಲಿ ಮೇರಿ ಡಿಕ್ಸನ್-ವುಡ್ಸ್ ಮತ್ತು ಜೊತೆಗಾರರು ಇನ್ನೊಂದು ಕೆಲಸ ಮಾಡಿದರು. ಅನುಭವಿ ವಿಮರ್ಶಕರಿಗೆ ಅವೇ ಪೇಪರ್‌ಗಳನ್ನು ಕೊಟ್ಟು ಮೂರು ಬಗೆಯಲ್ಲಿ ಅಳೆಯಲು ಹೇಳಿದರು. ಎರಡು ಬಗೆಗೆ ಸಿದ್ಧ ಪಟ್ಟಿ ಇತ್ತು, ಒಂದಕ್ಕೆ ಸ್ವಂತ ವಿವೇಚನೆ ಮಾತ್ರ. ವಿಮರ್ಶಕರ ನಡುವೆ ಒಮ್ಮತ ತುಂಬ ಕಡಿಮೆ ಇತ್ತು. ಪಟ್ಟಿ ಕೈಗೆ ಕೊಟ್ಟ ಮಾತ್ರಕ್ಕೆ ಅದು ಹೆಚ್ಚಲಿಲ್ಲ. ಇದರಿಂದ ನಾನು ತಿಳಿದುಕೊಳ್ಳುವುದು ಇಷ್ಟು: ತೀರ್ಪಿನ ಹೊಣೆಯನ್ನು ಪಟ್ಟಿಗೆ ವರ್ಗಾಯಿಸಲು ಆಗುವುದಿಲ್ಲ. ಓದುವವರು ಓದಲೇಬೇಕು. ತಮ್ಮ ಅಭಿಪ್ರಾಯಕ್ಕೆ ಕಾರಣ ಕೊಡಲೇಬೇಕು.

ಹಾಗಾದರೆ ನಾನು ಓದುವುದು ಹೇಗೆ? ಮೊದಲು ಫಲಿತಾಂಶದ ಭಾಗಕ್ಕೆ ಹೋಗಿ ಪಾಲ್ಗೊಂಡವರ ಮಾತುಗಳನ್ನಷ್ಟೇ ಓದುತ್ತೇನೆ. ಲೇಖಕರ ವಿವರಣೆಯನ್ನು ಬೇಕೆಂದೇ ಬಿಟ್ಟು ಓದುತ್ತೇನೆ. ಈ ಮಾತಿಗೆ ನಾನಾಗಿದ್ದರೆ ಏನು ಅರ್ಥ ಕೊಡುತ್ತಿದ್ದೆ ಎಂದು ಯೋಚಿಸಿ, ಆಮೇಲೆ ಲೇಖಕರು ಏನು ಹೇಳಿದ್ದಾರೆ ಎಂದು ನೋಡುತ್ತೇನೆ. ಎರಡೂ ಬೇರೆಯಾಗಿದ್ದರೆ ತೊಂದರೆ ಇಲ್ಲ, ಅವರು ಪೂರ್ತಿ ಸಂದರ್ಶನ ಓದಿದ್ದಾರೆ, ನಾನು ಓದಿರುವುದು ನಾಲ್ಕು ಸಾಲು. ಆದರೆ ಅವರ ಅರ್ಥಕ್ಕೆ ಹೇಗೆ ಬಂದರು ಎಂಬ ದಾರಿ ಪೇಪರ್‌ನಲ್ಲಿ ನನಗೆ ಕಾಣಬೇಕು. ಮಾತು ಒಂದು ಕಡೆ, ವಿವರಣೆ ಇನ್ನೊಂದು ಕಡೆ ಇದ್ದು, ನಡುವೆ ಸೇತುವೆಯೇ ಇಲ್ಲದಿದ್ದರೆ ನನ್ನ ನಂಬಿಕೆ ಅಲ್ಲೇ ಸಡಿಲವಾಗುತ್ತದೆ.

ಜೊತೆಗೆ ಯಾರ ಮಾತು ಎಷ್ಟು ಸಲ ಬಂದಿದೆ ಎಂದೂ ನೋಡುತ್ತೇನೆ. ಹದಿನೈದು ಜನರನ್ನು ಸಂದರ್ಶಿಸಿದ್ದೇವೆ ಎನ್ನುತ್ತಾರೆ, ಉಲ್ಲೇಖಗಳೆಲ್ಲ ಮೂರೇ ಜನರದ್ದು. ಆ ಮೂವರು ಚೆನ್ನಾಗಿ ಮಾತಾಡುವವರು, ಥೆರಪಿಯ ಬಗ್ಗೆ ಒಳ್ಳೆಯದನ್ನೇ ಹೇಳುವವರು. ಉಳಿದವರು ಎಲ್ಲಿ ಹೋದರು? ಒಂದೊಂದೇ ಪದದಲ್ಲಿ ಉತ್ತರ ಕೊಟ್ಟವರು, ಸಿಟ್ಟಾದವರು, ಅರ್ಧಕ್ಕೇ ಎದ್ದುಹೋದವರು? ಅವರ ಬಗ್ಗೆ ಒಂದು ವಾಕ್ಯವಾದರೂ ಇದ್ದರೆ ಸಂಶೋಧಕರು ಅವರನ್ನು ಮರೆತಿಲ್ಲ ಎಂದು ಗೊತ್ತಾಗುತ್ತದೆ.

ಥೀಮ್‌ಗಳ ಹೆಸರೂ ತುಂಬ ಹೇಳುತ್ತದೆ. 'ಕುಟುಂಬದ ಬೆಂಬಲ', 'ಸೌಲಭ್ಯಗಳ ಕೊರತೆ', 'ಅಡೆತಡೆಗಳು', 'ಪೂರಕ ಅಂಶಗಳು'. ಇವು ಸಂದರ್ಶನಕ್ಕೆ ಮೊದಲೇ ಬರೆದಿಡಬಹುದಾದ ಹೆಸರುಗಳು. ಕೇಳಿದ ಪ್ರಶ್ನೆಗಳನ್ನೇ ತಿರುಗಿಸಿ ಥೀಮ್ ಮಾಡಿದ ಹಾಗಿದೆ. ಥೀಮ್ಯಾಟಿಕ್ ಅನಾಲಿಸಿಸ್ ಬಗ್ಗೆ 2006ರಲ್ಲಿ ಬರೆದು ಹೆಸರಾದ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಅಲ್ಲಿಂದ ಇಲ್ಲಿಯವರೆಗೂ ಇದನ್ನು ಹೇಳುತ್ತಲೇ ಬಂದಿದ್ದಾರೆ. ಒಂದು ವಿಷಯದ ಬಗ್ಗೆ ಜನ ಹೇಳಿದ್ದನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದರೆ ಅದು ಥೀಮ್ ಆಗುವುದಿಲ್ಲ. ಅದರೊಳಗೆ ಹರಿಯುವ ಒಂದು ಅರ್ಥವನ್ನು ಹಿಡಿಯಬೇಕು. ಮಾಹಿತಿಯಿಂದ ಥೀಮ್‌ಗಳು ತಾವಾಗಿಯೇ 'ಹೊಮ್ಮಿದವು' ಎಂದು ಬರೆಯುವುದನ್ನೂ ಅವರು ಒಪ್ಪುವುದಿಲ್ಲ. ಥೀಮ್ ಕಟ್ಟುವುದು ಸಂಶೋಧಕರು. ಕಟ್ಟಿದವರು ನಾವು ಎಂದು ಒಪ್ಪಿಕೊಂಡರೆ ಹೇಗೆ ಕಟ್ಟಿದಿರಿ ಎಂಬ ಪ್ರಶ್ನೆಗೆ ಉತ್ತರವನ್ನೂ ಕೊಡಬೇಕಾಗುತ್ತದೆ. ತಾವಾಗಿಯೇ ಹೊಮ್ಮಿದರೆ ಯಾರನ್ನು ಕೇಳುವುದು?

ಹಾಗೇ ಸ್ಯಾಚುರೇಷನ್ ಎಂಬ ಇನ್ನೊಂದು ಪದ. 'ಹೊಸ ಮಾಹಿತಿ ಬರುವುದು ನಿಂತಿತು, ಹಾಗಾಗಿ ಸಂದರ್ಶನ ನಿಲ್ಲಿಸಿದೆವು' ಎಂಬ ಸಾಲು ಇಲ್ಲದ ಪೇಪರ್ ಸಿಗುವುದೇ ಕಷ್ಟ. 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಗ್ರೌಂಡೆಡ್ ಥಿಯರಿ ರೂಪಿಸಿದಾಗ ಇದಕ್ಕೆ ನಿರ್ದಿಷ್ಟವಾದ ಅರ್ಥ ಇತ್ತು. ವಿಶ್ಲೇಷಣೆ ಮಾಡುತ್ತಾ, ಅದಕ್ಕೆ ಮುಂದೆ ಬೇಕಾದವರನ್ನು ಹುಡುಕಿಕೊಂಡು ಹೋಗುತ್ತಾ, ಒಂದು ಪರಿಕಲ್ಪನೆ ತುಂಬಿತು ಎನಿಸುವವರೆಗೆ ಮುಂದುವರಿಯುವುದು. ಈಗ ಆ ಪದ ಎಲ್ಲ ವಿಧಾನಗಳಿಗೂ ಅಂಟಿಕೊಂಡಿದೆ. 2006ರಲ್ಲಿ ಗೆಸ್ಟ್, ಬನ್ಸ್ ಮತ್ತು ಜಾನ್ಸನ್ 60 ಸಂದರ್ಶನಗಳನ್ನು ಮತ್ತೆ ನೋಡಿ, ಮೊದಲ ಹನ್ನೆರಡರಲ್ಲೇ ಹೆಚ್ಚಿನ ಕೋಡ್‌ಗಳು ಬಂದಿದ್ದವು ಎಂದು ಬರೆದರು. ಅವರು ಮಾತಾಡಿಸಿದ್ದು ಸುಮಾರು ಒಂದೇ ಬಗೆಯ ಹಿನ್ನೆಲೆಯ ಜನರನ್ನು, ಅವೇ ಪ್ರಶ್ನೆಗಳನ್ನಿಟ್ಟುಕೊಂಡು. ಆ ಷರತ್ತು ಮರೆತುಹೋಯಿತು, ಹನ್ನೆರಡು ಮಾತ್ರ ಉಳಿಯಿತು. ನನಗೆ ಹಿಡಿಸುವುದು 2016ರಲ್ಲಿ ಕಿರ್ಸ್ಟಿ ಮಾಲ್ಟೆರುಡ್ ಮತ್ತು ಜೊತೆಗಾರರು ಹೇಳಿದ 'ಮಾಹಿತಿಯ ಶಕ್ತಿ' ಎಂಬ ಯೋಚನೆ. ಪ್ರಶ್ನೆ ಚೂಪಾಗಿದ್ದರೆ, ಆರಿಸಿದ ಜನ ಆ ಪ್ರಶ್ನೆಗೆ ತಕ್ಕವರಾಗಿದ್ದರೆ, ಮಾತುಕತೆ ಆಳವಾಗಿದ್ದರೆ ಕಡಿಮೆ ಜನ ಸಾಕು. ಇಲ್ಲವಾದರೆ ಜಾಸ್ತಿ ಜನ ಬೇಕು. ಆರು ಜನರ ಜೊತೆ ಮತ್ತೆ ಮತ್ತೆ ಕೂತು ಮಾತಾಡಿದ ಅಧ್ಯಯನವನ್ನು, ಮೂವತ್ತು ಜನರ ಜೊತೆ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿದ ಅಧ್ಯಯನಕ್ಕಿಂತ ನಾನು ಹೆಚ್ಚು ನಂಬುತ್ತೇನೆ.

ಈಗ ನಮ್ಮ ವೃತ್ತಿಗೇ ವಿಶೇಷವಾದ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಸಂಶೋಧನೆ ಮಾಡುವವರು ಹೆಚ್ಚಾಗಿ ಥೆರಪಿಸ್ಟ್‌ಗಳೇ. ಎಷ್ಟೋ ಸಲ ತಾವೇ ಚಿಕಿತ್ಸೆ ಕೊಟ್ಟವರನ್ನು, ಇಲ್ಲವೇ ತಮ್ಮ ವಿಭಾಗದಲ್ಲೇ ಚಿಕಿತ್ಸೆ ಪಡೆದವರನ್ನು ಸಂದರ್ಶಿಸುತ್ತಾರೆ. ಕೈಗೆ ಪೆಟ್ಟಾದವರಿಗೆ ಸ್ಪ್ಲಿಂಟ್ (ಕೈಗೆ ಆಧಾರವಾಗಿ ಕಟ್ಟುವ ಪಟ್ಟಿ) ಮಾಡಿಕೊಟ್ಟವರೇ ಹೋಗಿ 'ಸ್ಪ್ಲಿಂಟ್ ಹಾಕಿಕೊಳ್ಳುವ ಅನುಭವ ಹೇಗಿತ್ತು' ಎಂದು ಕೇಳಿದರೆ ಏನು ಹೇಳುತ್ತಾರೆ? 'ಉಪಯೋಗ ಆಯಿತು' ಎನ್ನುತ್ತಾರೆ. ಸುಳ್ಳು ಹೇಳುತ್ತಾರೆ ಎಂದಲ್ಲ. ನೋವಿನಲ್ಲಿ ಕೈ ಹಿಡಿದವರ ಎದುರಿಗೆ ಕೂತು 'ಎರಡೇ ದಿನಕ್ಕೆ ಬಿಚ್ಚಿಟ್ಟೆ' ಎನ್ನಲು ಯಾರಿಗಾದರೂ ಮುಜುಗರ ಆಗುತ್ತದೆ, ಅಲ್ವಾ? ಮುಂದಿನ ಸಲ ಮತ್ತೆ ಅದೇ ಥೆರಪಿಸ್ಟ್ ಹತ್ತಿರ ಹೋಗಬೇಕಾಗಿದ್ದರೆ ಇನ್ನೂ ಕಷ್ಟ.

ಹಾಗೆಂದು ಥೆರಪಿಸ್ಟ್ ಸಂದರ್ಶನ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಥೆರಪಿಸ್ಟ್‌ಗೆ ಕಾಣುವ ಸೂಕ್ಷ್ಮಗಳು ಬೇರೆಯವರಿಗೆ ಕಾಣುವುದಿಲ್ಲ. ಅಂಗಿಯ ಗುಂಡಿ ಹಾಕುವಾಗ ಹೆಬ್ಬೆರಳು ಹಿಂಜರಿಯುವುದನ್ನು ನೋಡಿ, ಅದರ ಬಗ್ಗೆಯೇ ಮಾತು ತೆಗೆಯುವುದು ಅವರಿಂದ ಮಾತ್ರ ಸಾಧ್ಯ. ಆದರೆ ಆ ಸಂಬಂಧ ಮಾತಿನ ಮೇಲೆ ಏನು ಮಾಡಿತು ಎಂದು ಅವರು ಯೋಚಿಸಿದ್ದಾರಾ ಎಂಬುದು ನನಗೆ ಕಾಣಬೇಕು. ರಿಫ್ಲೆಕ್ಸಿವಿಟಿ (ಸಂಶೋಧನೆಯ ಮೇಲೆ ತಮ್ಮದೇ ಪ್ರಭಾವವನ್ನು ಸಂಶೋಧಕರು ಪರಿಶೀಲಿಸುವುದು) ಎಂಬ ಹೆಸರಿನಲ್ಲಿ ಎಷ್ಟೋ ಪೇಪರ್‌ಗಳಲ್ಲಿ ಇರುವುದು ಎರಡು ಸಾಲು: 'ಮೊದಲ ಲೇಖಕರು ಹತ್ತು ವರ್ಷ ಅನುಭವವಿರುವ ಮಹಿಳಾ ಥೆರಪಿಸ್ಟ್. ಅವರು ದಿನಚರಿ ಇಟ್ಟಿದ್ದರು.' ಇದು ಬಯೋಡೇಟಾ. ಆ ದಿನಚರಿಯಲ್ಲಿ ಏನಿತ್ತು? ಯಾವ ದಿನ ಅವರಿಗೆ ಇರಿಸುಮುರಿಸಾಯಿತು? ಯಾವ ಉತ್ತರ ಕೇಳಿದಾಗ ಮನಸ್ಸು ಅದನ್ನು ತಳ್ಳಿಹಾಕಲು ನೋಡಿತು? ಅದರಿಂದ ಮುಂದಿನ ಸಂದರ್ಶನದ ಪ್ರಶ್ನೆ ಬದಲಾಯಿತಾ? ಇಂಥ ಒಂದೇ ಒಂದು ಉದಾಹರಣೆ ಕೊಟ್ಟರೂ ನನಗೆ ಅರ್ಧ ಪುಟದ ತತ್ವಜ್ಞಾನ ಬೇಡ.

ಇದಕ್ಕೆ ಸೇರಿದ ಇನ್ನೊಂದು ಅಪಾಯ ಇದೆ. ಅರ್ಥಪೂರ್ಣ ಚಟುವಟಿಕೆ ಮನುಷ್ಯನ ಆರೋಗ್ಯಕ್ಕೆ ಒಳ್ಳೆಯದು ಎನ್ನುವುದು ನಮ್ಮ ವೃತ್ತಿ ನಿಂತಿರುವ ನೆಲ. ನಾನೂ ಅದನ್ನು ನಂಬುತ್ತೇನೆ. ಆದರೆ ನಂಬಿದ್ದನ್ನೇ ಹುಡುಕಿಕೊಂಡು ಹೋದರೆ ಅದು ಸಿಕ್ಕೇ ಸಿಗುತ್ತದೆ. 'ಪಾಲ್ಗೊಂಡವರು ಚಟುವಟಿಕೆಯಿಂದ ತಮ್ಮ ಗುರುತನ್ನು ಮರಳಿ ಪಡೆದರು' ಎಂದು ಮುಗಿಯುವ ಪೇಪರ್‌ಗಳು ಎಷ್ಟಿವೆ! ಅವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಯಾರಿಗೂ ಚಟುವಟಿಕೆ ಬೇಸರ ತರಲಿಲ್ಲವಾ? ಏನೂ ಮಾಡದೆ ಸುಮ್ನೆ ಕೂರುವುದೇ ಹಿತ ಎಂದವರು ಯಾರೂ ಇರಲಿಲ್ಲವಾ? ಕುಡಿತ, ಜೂಜು ಇವೂ ಕೆಲವರಿಗೆ ಅರ್ಥಪೂರ್ಣ ಚಟುವಟಿಕೆಯೇ ಆಗಿರಬಹುದು, ಅಂಥ ಮಾತು ಬಂದಾಗ ಸಂಶೋಧಕರು ಏನು ಮಾಡಿದರು? ಕೆರೆನ್ ವ್ಹಾಲಿ ಹ್ಯಾಮೆಲ್ ನಮ್ಮ ವೃತ್ತಿಯ ಇಂಥ ನಂಬಿಕೆಗಳನ್ನು ಬಹಳ ಕಾಲದಿಂದ ಪ್ರಶ್ನಿಸುತ್ತಾ ಬಂದವರು. ಗುಣಾತ್ಮಕ ಸಂಶೋಧನೆಯ ಗುಣಮಟ್ಟದ ಬಗ್ಗೆ ಅವರು 2002ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಆಕ್ಯುಪೇಷನಲ್ ಥೆರಪಿಯಲ್ಲಿ ಬರೆದಿದ್ದಾರೆ. ಸಂಶೋಧನೆ ಯಾರ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ, ಥೆರಪಿಸ್ಟ್‌ಗಳ ಪ್ರಶ್ನೆಗೋ ಸೇವೆ ಪಡೆಯುವವರ ಪ್ರಶ್ನೆಗೋ ಎನ್ನುವುದನ್ನೂ ಗುಣಮಟ್ಟದ ಭಾಗವಾಗಿಯೇ ನೋಡಬೇಕು ಎಂದು ನನಗೂ ಅನಿಸುತ್ತದೆ.

ನೆಗೆಟಿವ್ ಕೇಸ್ ಎಂದು ಒಂದು ಕ್ರಮ ಇದೆ. ನಿಮ್ಮ ವಿಶ್ಲೇಷಣೆಗೆ ಹೊಂದದ ವ್ಯಕ್ತಿಯನ್ನು, ಮಾತನ್ನು ಬೇಕೆಂದೇ ಹುಡುಕಬೇಕು. ಸಿಕ್ಕರೆ ಅದನ್ನು ಪಕ್ಕಕ್ಕಿಡದೆ, ಅದೂ ಒಳಗೆ ಬರುವ ಹಾಗೆ ನಿಮ್ಮ ವಿವರಣೆಯನ್ನು ತಿದ್ದಬೇಕು. ನನ್ನ ಲೆಕ್ಕದಲ್ಲಿ ಉಳಿದೆಲ್ಲ ತಂತ್ರಗಳಿಗಿಂತ ಇದರ ಬೆಲೆ ಜಾಸ್ತಿ.

ಮೆಂಬರ್ ಚೆಕಿಂಗ್‌ಗೆ ಸಿಗುವ ಗೌರವ ಸ್ವಲ್ಪ ಹೆಚ್ಚಾಯಿತು ಎನ್ನುವುದು ನನ್ನ ಅಭಿಪ್ರಾಯ. ವಿಶ್ಲೇಷಣೆಯನ್ನು ಪಾಲ್ಗೊಂಡವರಿಗೆ ಕಳಿಸಿದೆವು, ಅವರು ಒಪ್ಪಿದರು ಎಂದು ಬರೆಯುತ್ತಾರೆ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಬಂದ ಎಂಟು ಪುಟಕ್ಕೆ 'ಸರಿಯಾಗಿದೆ' ಎನ್ನುವುದು ಒಪ್ಪಿಗೆಯೋ, ದಾಕ್ಷಿಣ್ಯವೋ? ಜಾನಿಸ್ ಮೋರ್ಸ್ ಇದರ ಮೇಲೆ ಇನ್ನೊಂದು ಆಕ್ಷೇಪ ಎತ್ತಿದ್ದಾರೆ. ಎಲ್ಲರ ಮಾತನ್ನೂ ಸೇರಿಸಿ ಕಟ್ಟಿದ ವಿವರಣೆಯಲ್ಲಿ ಒಬ್ಬೊಬ್ಬರೂ ತಮ್ಮನ್ನು ಗುರುತಿಸಿಕೊಳ್ಳಬೇಕು ಎಂದೇನಿಲ್ಲ. ಆದರೆ ಅದನ್ನೇ ಮಾತುಕತೆಯಾಗಿ ಮಾಡಬಹುದು. 'ನಮಗೆ ಹೀಗೆ ಅನಿಸಿದೆ, ಎಲ್ಲಿ ತಪ್ಪಿದ್ದೇವೆ ಹೇಳಿ' ಎಂದು ಎದುರು ಕೂತು ಕೇಳಿ, ಬಂದ ಆಕ್ಷೇಪವನ್ನು ಪೇಪರ್‌ನಲ್ಲೇ ಬರೆದರೆ ಅದಕ್ಕೆ ತೂಕ ಇದೆ.

ಇಬ್ಬರು ಕೋಡ್ ಮಾಡಿ, ಅವರ ಒಮ್ಮತವನ್ನು ಅಳೆಯುವ ಕಪ್ಪಾ ಸಂಖ್ಯೆ ಕೊಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಬ್ಬರೂ ಒಂದೇ ಕಾಲೇಜಿನಲ್ಲಿ ಒಂದೇ ಪಠ್ಯ ಓದಿದವರಾಗಿದ್ದರೆ ಅವರ ಒಮ್ಮತ ಅವರ ಓದಿನ ಒಮ್ಮತವೂ ಆಗಿರಬಹುದು. ಇಬ್ಬರು ಎಲ್ಲಿ ಜಗಳವಾಡಿದರು ಎಂದು ಬರೆದಿದ್ದರೆ ಓದಲು ನನಗೆ ಹೆಚ್ಚು ಆಸಕ್ತಿ.

ಇನ್ನು ಮಾತಾಡಲು ಆಗದವರ ವಿಷಯ. ನಾವು ಕೆಲಸ ಮಾಡುವವರಲ್ಲಿ ಎಷ್ಟೋ ಜನರಿಗೆ ಮಾತೇ ತೊಡಕು. ಪಾರ್ಶ್ವವಾಯುವಿನಿಂದ ಅಫೇಸಿಯಾ (ಮಾತಾಡುವ, ಅರ್ಥ ಮಾಡಿಕೊಳ್ಳುವ ತೊಂದರೆ) ಆದವರು, ಡಿಮೆನ್ಷಿಯಾ ಇರುವವರು, ಬೌದ್ಧಿಕ ಅಂಗವೈಕಲ್ಯ ಇರುವವರು, ಚಿಕ್ಕ ಮಕ್ಕಳು. ಸಂಶೋಧನೆಯ ಪೇಪರ್ ತೆಗೆದರೆ ಆಯ್ಕೆಯ ಷರತ್ತಿನಲ್ಲೇ ಒಂದು ಸಾಲು: 'ಸಂದರ್ಶನದಲ್ಲಿ ಭಾಗವಹಿಸಲು ಸಾಕಷ್ಟು ಮಾತು ಮತ್ತು ಗ್ರಹಿಕೆ ಇರುವವರು.' ಆ ಒಂದು ಸಾಲಿನಿಂದ, ಥೆರಪಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಹೊರಗೆ ಉಳಿಯುತ್ತಾರೆ. ಆಮೇಲೆ ತಲೆಬರಹದಲ್ಲಿ 'ಪಾರ್ಶ್ವವಾಯು ಆದವರ ಅನುಭವ' ಎಂದಿರುತ್ತದೆ. ಮಾತಾಡಬಲ್ಲ, ಪಾರ್ಶ್ವವಾಯು ಆದ ಕೆಲವರ ಅನುಭವ ಎಂದು ಬರೆಯುವುದು ಪ್ರಾಮಾಣಿಕ. ಇದು ಮಿತಿಗಳ ಭಾಗದಲ್ಲಿ ಹೇಳಿ ಮುಗಿಸುವ ಸಂಗತಿ ಅಲ್ಲ. ಪೇಪರ್‌ನ ತೀರ್ಮಾನವೇ ಇದರಿಂದ ಬದಲಾಗುತ್ತದೆ.

ದಾರಿಗಳು ಇಲ್ಲ ಎಂದೇನಿಲ್ಲ. ಕ್ಯಾರೊಲಿನ್ ವ್ಯಾಂಗ್ ಮತ್ತು ಮೇರಿ ಆ್ಯನ್ ಬರಿಸ್ 1990ರ ದಶಕದಲ್ಲಿ ರೂಪಿಸಿದ ಫೋಟೊವಾಯ್ಸ್‌ನಲ್ಲಿ ಜನರೇ ಕ್ಯಾಮೆರಾ ಹಿಡಿದು ತಮ್ಮ ಬದುಕನ್ನು ತೋರಿಸುತ್ತಾರೆ. ಅಫೇಸಿಯಾ ಇರುವವರ ಜೊತೆ ಚಿತ್ರ, ಬರೆದ ಪದ, ಸನ್ನೆ ಬಳಸಿ ಮಾತುಕತೆ ನಡೆಸುವ ಕ್ರಮವನ್ನು ಆರಾ ಕೇಗನ್ ಬೆಳೆಸಿದ್ದಾರೆ. ಎಲ್ಲಕ್ಕಿಂತ ಸರಳವಾದದ್ದು ಜೊತೆಗೆ ಇದ್ದು ನೋಡುವುದು. ನಮ್ಮ ವಿಷಯವೇ ಜನ ಏನು ಮಾಡುತ್ತಾರೆ ಎನ್ನುವುದು. ಹಾಗಿದ್ದೂ ನಮ್ಮ ಗುಣಾತ್ಮಕ ಸಂಶೋಧನೆಯ ಬಹುಪಾಲು ಕುರ್ಚಿಯಲ್ಲಿ ಕೂತು ಒಂದು ಗಂಟೆ ಮಾತಾಡಿದ್ದರ ಮೇಲೆ ನಿಂತಿದೆ ಎನ್ನುವುದು ನನಗೆ ಬೇಸರದ ಸಂಗತಿ. ಮಾಡುವಾಗ ಕೈ ಹೇಳುವುದನ್ನು ಬಾಯಿ ಯಾವಾಗಲೂ ಹೇಳುವುದಿಲ್ಲ. ಬಟ್ಟೆ ಮಡಿಸುವುದನ್ನು ನೋಡುತ್ತಾ ಕೇಳುವ ಪ್ರಶ್ನೆ ಬೇರೆ, ಬಟ್ಟೆ ಮಡಿಸುವುದರ ಬಗ್ಗೆ ಕೇಳುವ ಪ್ರಶ್ನೆ ಬೇರೆ.

ವಿವರದ ಬಗ್ಗೆಯೂ ಒಂದು ಮಾತು. ಒಂದು ಕಡೆಯ ಅಧ್ಯಯನ ನನ್ನ ಕೆಲಸಕ್ಕೆ ಹೊಂದುತ್ತದಾ ಎಂದು ನಿರ್ಧರಿಸಬೇಕಾದವರು ನಾನೇ. ಅದಕ್ಕೆ ಬೇಕಾದ ಮಾಹಿತಿ ಕೊಡುವುದು ಲೇಖಕರ ಕೆಲಸ. ಆ ಜನ ಯಾರ ಜೊತೆ ಬದುಕುತ್ತಿದ್ದರು, ಥೆರಪಿಗೆ ದುಡ್ಡು ಯಾರು ಕೊಡುತ್ತಿದ್ದರು, ಒಂದು ಸೆಷನ್ ಎಷ್ಟು ಹೊತ್ತು, ಮನೆಯಲ್ಲಿ ಮೆಟ್ಟಿಲು ಇತ್ತಾ, ನೆರವಿಗೆ ಯಾರಿದ್ದರು. ವಯಸ್ಸು, ಲಿಂಗ, ರೋಗನಿರ್ಣಯ ಇಷ್ಟನ್ನೇ ಒಂದು ಟೇಬಲ್‌ನಲ್ಲಿ ಹಾಕಿ ಬಿಟ್ಟರೆ ನನಗೆ ಏನೂ ಗೊತ್ತಾಗುವುದಿಲ್ಲ. ಹಲವು ಅಧ್ಯಯನಗಳನ್ನು ಸೇರಿಸಿ ಮಾರ್ಗಸೂಚಿ ಬರೆಯುವವರು ಈಗ ಗ್ರೇಡ್-ಸರ್ಕ್ವಲ್ ಎಂಬ ಕ್ರಮ ಬಳಸುತ್ತಾರೆ. ವಿಧಾನದ ಕೊರತೆ, ಮಾಹಿತಿಗೂ ತೀರ್ಮಾನಕ್ಕೂ ಇರುವ ಹೊಂದಾಣಿಕೆ, ಮಾಹಿತಿ ಸಾಕಷ್ಟಿದೆಯಾ, ಕೇಳಿದ ಪ್ರಶ್ನೆಗೆ ಸಂಬಂಧಿಸಿದೆಯಾ ಎಂಬ ನಾಲ್ಕನ್ನು ನೋಡಿ ಒಂದೊಂದು ತೀರ್ಮಾನದ ಮೇಲೂ ಎಷ್ಟು ಭರವಸೆ ಇಡಬಹುದು ಎಂದು ಹೇಳುತ್ತಾರೆ. ಪೇಪರ್‌ಗೆ ಅಂಕ ಕೊಡುವುದನ್ನು ಬಿಟ್ಟು ತೀರ್ಮಾನಕ್ಕೆ ಭರವಸೆಯ ಮಟ್ಟ ಕೊಡುವುದು ಒಳ್ಳೆಯ ಬದಲಾವಣೆ. ಒಂದೇ ಪೇಪರ್‌ನಲ್ಲಿ ಒಂದು ಥೀಮ್ ಗಟ್ಟಿಯಾಗಿಯೂ ಇನ್ನೊಂದು ಟೊಳ್ಳಾಗಿಯೂ ಇರುವುದು ಸಾಮಾನ್ಯ.

ಲೇಖಕರ ಕಷ್ಟವೂ ನನಗೆ ಗೊತ್ತಿದೆ. ಜರ್ನಲ್‌ಗಳ ಪದಮಿತಿ ಸಂಖ್ಯಾತ್ಮಕ ಸಂಶೋಧನೆಯ ಪೇಪರ್‌ಗೆ ಸರಿಹೋಗುವ ಹಾಗಿರುತ್ತದೆ. ಅದರೊಳಗೆ ಜನರ ಮಾತು, ಸಂದರ್ಭ, ವಿಶ್ಲೇಷಣೆ, ರಿಫ್ಲೆಕ್ಸಿವಿಟಿ ಎಲ್ಲವನ್ನೂ ತುರುಕಬೇಕು. ಜೊತೆಗೆ ವಿಮರ್ಶಕರು 32 ಅಂಶಗಳ ಪಟ್ಟಿಯನ್ನೂ ಕೇಳುತ್ತಾರೆ. ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಹೊಂದದ ವ್ಯಕ್ತಿಯ ಕಥೆಗೆ, ಯಾಕೆಂದರೆ ಅದನ್ನು ವಿವರಿಸಲು ಎರಡು ಪ್ಯಾರಾ ಬೇಕು. ಈಗ ನಾನು ವಿಮರ್ಶೆಗೆ ಬಂದ ಪೇಪರ್‌ಗೆ ಉತ್ತರ ಬರೆಯುವಾಗ ಒಂದು ವಿನಂತಿಯನ್ನು ತಪ್ಪದೆ ಸೇರಿಸುತ್ತೇನೆ. ಕೋರೆಕ್ ಪಟ್ಟಿಗೆ ಹೇಗೂ ಉತ್ತರಿಸಿದ್ದೀರಿ, ಅದನ್ನು ಅನುಬಂಧಕ್ಕೆ ಹಾಕಿ, ವಿಧಾನದ ಭಾಗವನ್ನು ಸ್ವಲ್ಪ ಇಳಿಸಿ, ಉಳಿದ ಜಾಗದಲ್ಲಿ ನಿಮ್ಮ ಥೀಮ್‌ಗಳಿಗೆ ಹೊಂದದ ಒಬ್ಬರ ಮಾತು ಕೊಡಿ ಎಂದು. ಸಂಪಾದಕರಿಗೂ ಪ್ರತ್ಯೇಕವಾಗಿ ಬರೆಯುತ್ತೇನೆ: ಇದಕ್ಕೆ ಬೇಕಾದರೆ ಪದಮಿತಿ ಸಡಿಲಿಸಿ. ಕೆಲವು ಲೇಖಕರು ಅಂಥವರು ಯಾರೂ ಇರಲಿಲ್ಲ ಎಂದು ಉತ್ತರಿಸುತ್ತಾರೆ. ಆಗ ನನ್ನ ಮುಂದಿನ ಪ್ರಶ್ನೆ ಯಾರನ್ನು ಕರೆದಿರಿ, ಯಾರು ಕರೆದರು, ಎಲ್ಲಿ ಕೂತು ಮಾತಾಡಿದಿರಿ ಎಂಬುದು. ಇನ್ನು ಕೆಲವರು ಮತ್ತೆ ಟ್ರಾನ್ಸ್‌ಕ್ರಿಪ್ಟ್‌ಗೆ ಹೋಗುತ್ತಾರೆ. ಹಾಗೆ ಹೋದವರ ಎರಡನೆಯ ಕರಡು ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ. ಕೆಲವೊಮ್ಮೆ ಥೀಮ್‌ಗಳ ಹೆಸರೇ ಬದಲಾಗಿರುತ್ತದೆ.